ಪ್ಲೇಟಿನೊಳಗಿನ ಸೀನು

ಅಕ್ಟೋಬರ್ ತಿಂಗಳ ಕೊನೆ, ಸಂಜೆ ಏಳು. ಅಮೆರಿಕದ ವೆಸ್ಟ್ ಬ್ಲೂಮ್‌ಫೀಲ್ಡಿನಲ್ಲಿ ಮಧ್ಯಾಹ್ನ ಹಿಡಿದ ಮಳೆ ಇನ್ನೂ ಬಿಟ್ಟಿರಲಿಲ್ಲ. ಕರೆಂಟು ಹೋಗಿ ಸಬ್‌ಡಿವಿಷನ್ನಿನ ಮನೆಗಳೆಲ್ಲ ಕಪ್ಪಾಗಿದ್ದವು. ವಾರೆನ್ ಊರಿನ ಆಫೀಸಿನಿಂದ ನೆನೆದು ಬಂದ ವೆಂಕಟರಾಮು ಮೇಣದಬತ್ತಿ ಹಚ್ಚಿದ. ಫೋನಿನ ಚಾರ್ಜು ಮುಗಿದಿದ್ದರಿಂದ ಅವನ ಮಗಳು ಇಳಾ ಬೇರೆ ದಾರಿಯಿಲ್ಲದೆ ಅಜ್ಜಿ ನಿಂಗಮ್ಮನ ಕಂಬಳಿಯೊಳಗೆ ಕಾಲು ತೂರಿಸಿ ಕೂತಳು.

"ಅಜ್ಜಿ, ಟೆಲ್ ಮಿ ಎ ಘೋಸ್ಟ್ ಸ್ಟೋರಿ. ನಾಟ್ ದ ಟ್ರೀ ಒನ್."

"ಮರದ್ದಲ್ಲ ಬುಡು. ನಿನ್ ಚಿಕ್ಕಜ್ಜಿದು."

"ಅವ್ವ, ಅದೊಂದು ಬೇಡ," ಎಂದ ವೆಂಕಟರಾಮು.

"ಹನ್ನೆರಡು ವರ್ಷದವಳು ಕೂತವಳೆ, ನಲವತ್ತೈದರೋನು ಹೆದರ್ತಾನೆ. ಕಿವಿ ಮುಚ್ಕೊ ಹೋಗು."

ಅವನು ಹೋಗಲಿಲ್ಲ. ನಿಂಗಮ್ಮ ಹೇಳಿದ ಕತೆ ಇದು.

ಕೇಳಿ... ನಿಂಗಮ್ಮನ ತಂಗಿ ಚಿಕ್ಕತಾಯಮ್ಮ, ಮಗಳು ವಿನಿತಾಳ ಬಾಣಂತನಕ್ಕೆಂದು ಶಿಕಾಗೊ ಹತ್ತಿರದ ವುಡ್‌ರಿಡ್ಜಿಗೆ ಬಂದಿದ್ದಳು. ಹೋದ ವರ್ಷದ ಹಿಂದಿನ ವರ್ಷ. ಮಗು ಗಗನಾಳಿಗೆ ಆಗ ಮೂರು ತಿಂಗಳು, ಹಗಲಿಡೀ ಅಳು. ಪಕ್ಕದ ಬೀದಿಯಲ್ಲಿ ಒಬ್ಬ ಮುದುಕ ತೀರಿಕೊಂಡು ಅವನ ಮನೆಯ ಸಾಮಾನನ್ನೆಲ್ಲ ಮಾರುತ್ತಿದ್ದರು. ಅಲ್ಲಿಗೆ ಹೋದ ಅಳಿಯ ಸಾಕೇತ್ ಹಾಡಿನ ಪೆಟ್ಟಿಗೆಯೊಂದನ್ನೂ ಅದರ ಕಪ್ಪು ಪ್ಲೇಟುಗಳನ್ನೂ ಹೊತ್ತು ತಂದ. ಜರ್ಮನ್ ಭಾಷೆಯ ಆಪೆರಾ ಅದು... ನಮ್ಮ ಕಂಪನಿ ನಾಟಕದ ಹಾಗೆಯೇ, ಆದರೆ ಮಾತೆಲ್ಲ ಹಾಡಿನಲ್ಲೇ.

"ಅತ್ತೆ, ಇದು ಸ್ಟುಡಿಯೋದಲ್ಲಿ ಮಾಡಿದ್ದಲ್ಲ. ಎಪ್ಪತ್ತು ವರ್ಷದ ಹಿಂದೆ ಥಿಯೇಟರಲ್ಲಿ ಲೈವ್ ರೆಕಾರ್ಡ್ ಮಾಡಿದ್ದು. ಕೂತಿರೋ ಜನ ಕೆಮ್ಮೋದೂ ಕೇಳತ್ತೆ. ಹಿಸ್ಟಾರಿಕ್ ಇದು."

"ಕೆಮ್ಮು ಕೇಳಕ್ಕೆ ಇಷ್ಟು ದೊಡ್ಡ ಪೆಟ್ಟಿಗೆ ಹೊತ್ಕಂಡ್ ಬಂದ್ರಾ ಅಳಿಯಂದ್ರೆ?"

ಪ್ಲೇಟಿನ ಮೇಲೆ ಮುಳ್ಳು ಇಟ್ಟದ್ದೇ ತಡ, ಮಗು ಬಾಯಿ ಮುಚ್ಚಿ ಮಲಗಿತು. ಇನ್ನೇನು ಬೇಕು? ಮಗಳು ಅಳಿಯ ಕೆಲಸಕ್ಕೆ ಹೋದ ಮೇಲೆ ದಿನಾ ಮಧ್ಯಾಹ್ನ ಮೂರಕ್ಕೆ ಚಿಕ್ಕತಾಯಮ್ಮನೇ ಮುಳ್ಳು ಇಡುವುದು ರೂಢಿಯಾಯಿತು.

ಎರಡನೆಯ ಪ್ಲೇಟಿನ ನಡುವೆ ಒಂದು ಜಾಗವಿತ್ತು. ವಾದ್ಯಗಳೆಲ್ಲ ನಿಂತು, ನಾಯಕಿ ಬಾಯಿ ತೆರೆಯುವ ಮುಂಚೆ, ಆ ಥಿಯೇಟರಿನ ಸಾವಿರ ಜನ ಉಸಿರು ಹಿಡಿದು ಕೂತ ಜಾಗ... ಅಲ್ಲಿ ಯಾರೋ ಒಬ್ಬಳು ಸೀನುತ್ತಾಳೆ. ಒಂದೇ ಸೀನು. ಮೊದಲ ಸಲ ಅದನ್ನು ಕೇಳಿದಾಗ ಚಿಕ್ಕತಾಯಮ್ಮ ತೊಟ್ಟಿಲಿಗೆ ಬೆನ್ನು ಮಾಡಿ ಬಟ್ಟೆ ಮಡಿಸುತ್ತಿದ್ದಳು. ಮಗು ಸೀನಿತೆಂದುಕೊಂಡಳು. ಮಗು ಸೀನಿದರೆ ನಮ್ಮ ಹೆಂಗಸರು ಸುಮ್ಮನಿರುತ್ತಾರೆಯೇ?

"ನೂರು ವರ್ಷ ಬಾಳವ್ವ," ಎಂದಳು. ಅಷ್ಟಕ್ಕೇ ಬಿಡದೆ, "ಈ ಮನೆ ಆಯಸ್ಸೆಲ್ಲ ನಿಂಗೇ ಇರ್ಲಿ" ಎಂದೂ ಸೇರಿಸಿದಳು.

ತಿರುಗಿ ನೋಡಿದರೆ ಮಗು ಗಾಢ ನಿದ್ದೆಯಲ್ಲಿತ್ತು.

ಮರುದಿನ ಅದೇ ಜಾಗ ಬಂತು. ವಾದ್ಯ ನಿಂತಿತು... ಪ್ಲೇಟಿನಲ್ಲಿ ಸೀನಿಲ್ಲ. ಸೀನು ಬಂದದ್ದು ಮೆಟ್ಟಿಲ ಮೇಲಿನಿಂದ, ಬಾಗಿಲು ಮುಚ್ಚಿದ ಖಾಲಿ ಕೋಣೆಯಿಂದ.

ಸಾಕೇತನೂ ಭಾನುವಾರ ಕೇಳಿದ. "ಇಲ್ಲೊಂದು ಸೀನು ಇತ್ತಲ್ವಾ ಅತ್ತೆ? ಪ್ಲೇಟು ಸವೆದಿರ್ಬೇಕು."

ಎಪ್ಪತ್ತು ವರ್ಷದ ಹಿಂದೆ ಕೊರೆದದ್ದು ತನ್ನಷ್ಟಕ್ಕೆ ಎದ್ದು ಹೋಗುತ್ತದೆಯೇ? ಚಿಕ್ಕತಾಯಮ್ಮ ಮೆಟ್ಟಿಲ ಹತ್ತಿರ ಹೋದಾಗೆಲ್ಲ ನೆನೆದ ಉಣ್ಣೆಯ ವಾಸನೆ. ಸೋಫಾದ ಒಂದು ಮೂಲೆ ಯಾರೋ ಈಗಷ್ಟೇ ಎದ್ದು ಹೋದ ಹಾಗೆ ತಗ್ಗು. ಮಗುವೋ, ಈಗ ಅಳುವುದನ್ನೇ ಬಿಟ್ಟಿತ್ತು. ಡಾಕ್ಟರು ತೂಗಿ ನೋಡಿದರು: ಹದಿನೆಂಟು ದಿನದಲ್ಲಿ ಒಂದು ಔನ್ಸೂ ಏರಿಲ್ಲ. ಯಾವ ಪರೀಕ್ಷೆಯಲ್ಲೂ ಏನೂ ಸಿಗಲಿಲ್ಲ. ಡಾಕ್ಟರು ಕಾಣದ್ದನ್ನು ಅಜ್ಜಿ ಕಂಡಳು... ವಾರಕ್ಕೊಮ್ಮೆ ಕತ್ತರಿಸುತ್ತಿದ್ದ ಮಗುವಿನ ಉಗುರು ಒಂದು ಎಳೆಯಷ್ಟೂ ಬೆಳೆದಿರಲಿಲ್ಲ. ಮತ್ತು ಮೇಲಿನ ಬಾತ್‌ರೂಮಿನ ಬೇಸಿನ್ನಿನ ಅಂಚಿನಲ್ಲಿ, ಸಾಲಾಗಿ, ದೊಡ್ಡವರ ಉಗುರಿನ ಚೂರುಗಳು. ಹಳದಿ ಬಣ್ಣದವು. ಮನೆಯಲ್ಲಿ ಯಾರದೂ ಅಲ್ಲ.

ಅವತ್ತು ಅವಳಿಗೆ ತಿಳಿಯಿತು. ಮನೆಯ ಆಯಸ್ಸೆಲ್ಲ ನಿನಗಿರಲಿ ಎಂದು ಆ ಸೀನಿದವಳಿಗೆ ಕೊಟ್ಟಾಗಿದೆ. ಆ ಮನೆಯಲ್ಲಿ ಎಲ್ಲರಿಗಿಂತ ಹೆಚ್ಚು ಆಯಸ್ಸು ಉಳಿದಿದ್ದುದು ಯಾರದು? ಕೊಟ್ಟ ಆಶೀರ್ವಾದವನ್ನು ವಾಪಸ್ಸು ಕಸಿಯಲು ಬರುವುದಿಲ್ಲ. ಇನ್ನೊಂದು ಆಶೀರ್ವಾದ ಮಾಡಬಹುದು. ಅದಕ್ಕೆ ಮೇಲಿನ ಕೋಣೆಯವಳು ಇನ್ನೊಮ್ಮೆ ಸೀನಬೇಕು.

ಕಾದಳು. ಐದು ದಿನ ಮೇಲಿನಿಂದ ಸದ್ದಿಲ್ಲ. ಆರನೆಯ ದಿನ ಮಗು ಹಾಲನ್ನೂ ಕುಡಿಯಲಿಲ್ಲ. ವಿನಿತಾ ಅಳುತ್ತ ಅದನ್ನು ಕಾರಿನಲ್ಲಿಟ್ಟುಕೊಂಡು ಡಾಕ್ಟರ ಹತ್ತಿರ ಓಡಿದಳು. ಕಾರು ತಿರುವು ದಾಟಿದ ಮೇಲೆ ಚಿಕ್ಕತಾಯಮ್ಮ ಕಿಟಕಿಗಳನ್ನೆಲ್ಲ ಮುಚ್ಚಿ, ಒಲೆಯ ಮೇಲೆ ಬಾಣಲೆಯಿಟ್ಟು, ಎರಡು ಹಿಡಿ ಒಣಮೆಣಸಿನಕಾಯಿ ಸುರಿದು ಕರಿಯಾಗುವ ತನಕ ಹುರಿದಳು. ಘಾಟು ಮೆಟ್ಟಿಲು ಹತ್ತಿತು. ಸ್ಮೋಕ್ ಅಲಾರಂ ಕಿರುಚಿಕೊಂಡಿತು. ಅವಳು ಸೆರಗನ್ನು ಬಾಯಿಗೆ ಒತ್ತಿಕೊಂಡು, ಕಣ್ಣಲ್ಲಿ ನೀರು ಸುರಿಸುತ್ತ, ಮೊದಲ ಮೆಟ್ಟಿಲ ಮೇಲೆ ನಿಂತಳು.

ಅಲಾರಂ ತಟ್ಟನೆ ನಿಂತಿತು. ಯಾರೂ ನಿಲ್ಲಿಸಿರಲಿಲ್ಲ. ಥಿಯೇಟರಿನ ಆ ಮೌನವೇ ಮನೆಯೊಳಗೆ ಬಂದು ಕೂತ ಹಾಗಾಯಿತು... ಆಮೇಲೆ, ಒಂದೇ ಮೆಟ್ಟಿಲ ಮೇಲೆ, ಅವಳ ಮುಖಕ್ಕೇ ಉಸಿರು ತಾಗುವಷ್ಟು ಹತ್ತಿರ, ಒಂದು ಸೀನು.

"ಬಾಳು ತಾಯಿ. ನನ್ ಆಯಸ್ಸು ಒಂದೇ ನಿಂಗೆ. ಮಗಿಂದು ಮುಟ್ಬೇಡ."

ಮೆಟ್ಟಿಲ ಮೇಲಿಂದ ಯಾವುದೋ ಭಾಷೆಯಲ್ಲಿ ಒಂದು ಸಣ್ಣ ಮಾತು ಬಂತು. ಅರ್ಥ ತಿಳಿಯಲಿಲ್ಲ. ಉಪಕಾರ ನೆನೆಯುವವರ ದನಿ ಮಾತ್ರ ಯಾವ ಭಾಷೆಯಲ್ಲಾದರೂ ತಿಳಿಯುತ್ತದಲ್ಲ?

ಆಗಲೇ ಅವಳು ಅಕ್ಕನಿಗೆ ಫೋನ್ ಮಾಡಿ ನಡೆದದ್ದನ್ನೆಲ್ಲ ಹೇಳಿದ್ದು.

"ಅಕ್ಕ, ಕೊಟ್ಬುಟ್ಟೆ."

"ಎಷ್ಟು ಕೊಟ್ಟೆ?" ಎಂದಳು ನಿಂಗಮ್ಮ.

"ಎಷ್ಟೈತೋ ಅಷ್ಟೂವೆ."

ಮರುವಾರ ಗಗನಾ ಬೆಳೆದ ಉಗುರಿನಿಂದ ತನ್ನ ಕೆನ್ನೆಯನ್ನು ತಾನೇ ಪರಚಿಕೊಂಡು ಮನೆ ಹಾರುವ ಹಾಗೆ ಅತ್ತಳು. ಆ ಕೆಂಪು ಗೆರೆಯನ್ನು ನೋಡಿ ಚಿಕ್ಕತಾಯಮ್ಮ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ನಕ್ಕಳಂತೆ. ಡಿಸೆಂಬರ್ ಹನ್ನೆರಡು, ಗುರುವಾರ ಮಧ್ಯಾಹ್ನ, ಮಗುವನ್ನು ತೊಟ್ಟಿಲಿಗೆ ಹಾಕಿ ಪಕ್ಕದಲ್ಲೇ ಒರಗಿದವಳು ಏಳಲಿಲ್ಲ.

ನಿಂಗಮ್ಮ ನಿಲ್ಲಿಸಿದಳು. ಮೇಣದಬತ್ತಿ ಅರ್ಧಕ್ಕೆ ಇಳಿದಿತ್ತು. ಇಳಾ ಕೇಳಿದಳು, "ಸೋ... ದ ಘೋಸ್ಟ್ ಲೆಫ್ಟ್ ಟೂ, ರೈಟ್?"

"ಅವಳ್ಯಾಕೆ ಹೋಗ್ತಾಳೆ? ವಿನಿತಾ ಪ್ಲೇಟೆಲ್ಲ ಯಾರ್ಗೋ ಕೊಟ್ಟು ಮನೆ ಬದಲಾಯಿಸಿದ್ಲು. ಹೊಸ ಮನೇಲೂ ಒಂದು ರೂಮಿನ ಬಾಗ್ಲು ತೆಗೆಯಲ್ಲ. ಯಾಕೆ ಅಂತ ನಾನು ಕೇಳಿಲ್ಲ." ನಿಂಗಮ್ಮ ಮೊಮ್ಮಗಳ ಕಾಲಿಗೆ ಕಂಬಳಿ ಎಳೆದಳು. "ನಮ್ಮವ್ವ ತೊಂಬತ್ತೇಳು ವರ್ಷಕ್ಕೆ ಹೋದ್ಲು ಮಗಾ. ನಂಗೆ ಎಂಬತ್ತು, ಇನ್ನೂ ಕನ್ನಡಕ ಬೇಕಿಲ್ಲ. ತಂಗಿಗೆ ಆಗಿನ್ನೂ ಅರವತ್ತೆಂಟು, ಮಿಕ್ಕಿದ್ದೆಲ್ಲ ಆ ಸೀನಿದೋಳ್ಗೆ. ನಮ್ ಮನೆ ಹೆಂಗಸರ ಆಯಸ್ಸು ಬಲು ಗಟ್ಟಿ... ಆ ಗುರುವಾರ ಹೋದವಳು ಚಿಕ್ಕತಾಯಮ್ಮ ಒಬ್ಬಳೇ."