ಬಗ್ಗದ ಬೀಗ

ರಕ್ತಪರೀಕ್ಷೆಯ ಕಿಟಕಿಯೆದುರು ನನ್ನ ಮುಂದಿದ್ದ ಅತ್ತಿಗೆ-ನಾದಿನಿಯರು ಲಕೋಟೆಯೊಂದನ್ನು ಪಡೆದು, ಅದನ್ನು ಒಡೆಯದೆ ನಿಂತರು.

“ರಕ್ತದ ಕ್ಯಾನ್ಸರ್ ತಡೆಯೋ ಜೀನು ಅಣ್ಣನಲ್ಲಿ ಸತ್ತಿಲ್ಲ ತಾನೇ, ಅತ್ತಿಗೆ?”

“ಇಲ್ಲ ಕಣೇ. ಅದರ ಬಾಯಿಗೆ ಬೀಗ ಬಿದ್ದಿದೆಯಂತೆ. ಬೀಗ ತೆಗೆಯೋಕೇ ಈ ಇಂಜೆಕ್ಷನ್ನು ಅಂದ್ರು ಡಾಕ್ಟರು.”

“ಅಣ್ಣ ಏನಂದ?”

“ನಕ್ಕರು. ಮೂವತ್ತು ವರ್ಷ ಊರವರ ಬೀಗ ರಿಪೇರಿ ಮಾಡಿದವನ ಒಳಗೇ ಬೀಗವಾ ಅಂತ. ನಾಲ್ಕು ಸುತ್ತು ಇಂಜೆಕ್ಷನ್ ಆಯ್ತು. ತಗೋ, ನೀನೇ ಓದೇ.”

ನಾದಿನಿ ಓದಿ, ಹಾಳೆಯನ್ನು ಮಡಚಿದಳು.

“ಬೀಗ ಬಗ್ಗಿಲ್ಲ, ಅತ್ತಿಗೆ. ಕ್ಯಾನ್ಸರ್ ಕಣ ಇನ್ನೂ ಜಾಸ್ತಿಯಾಗಿದೆ. ಅಣ್ಣನಿಗೆ ಈಗಲೇ ಹೇಳೋದು ಬೇಡ.”

“ಹೇಳೋದೇನು ಬಂತು? ಬೀಗ ಬಿಚ್ಚದೆ ಬಾಗಿಲ ಹೊರಗೆ ನಿಂತವರ ಮುಖ ಅವರು ಎಷ್ಟು ನೋಡಿಲ್ಲ! ನಡಿ, ಮುಖ ತೊಳ್ಕೊಳ್ಳೋಣ.”

ಇಬ್ಬರೂ ನಲ್ಲಿಯತ್ತ ನಡೆದರು.