ಹಳದಿ ಲೇಸರ್

ಕಣ್ಣಿನ ಡಾಕ್ಟರ ಕೋಣೆಯ ಹೊರಗೆ ಸರದಿಗಾಗಿ ಕೂತಿದ್ದ ಹುಡುಗಿ ಪತ್ರಿಕೆಯ ಪುಟ ತಿರುವುವುದನ್ನೇ ಮರೆತಳು. ಪಕ್ಕದಲ್ಲಿ ಯಾರೋ ಒಬ್ಬ ಅಕ್ಕ, ಅವಳ ತಮ್ಮ ಕೂತಿದ್ದರು. ತಮ್ಮನ ಎಡಗಣ್ಣಿಗೆ ಹತ್ತಿ ಅಂಟಿಸಿದ್ದರೂ ಮಾತು ಮಾತ್ರ ಏಳು ಸಮುದ್ರದಾಚೆಯ ಹೂವು ತಂದವನದು.

“ಕೆಂಪು, ಹಸಿರು ಲೇಸರ್ ಎಲ್ಲರ ಹತ್ರಾನೂ ಇರುತ್ತಕ್ಕ. ಹಳದಿ ಸಿಗೋದೇ ಇಲ್ಲ. ಲೇಸರ್ ಸಂಗ್ರಹಿಸೋರ ನಮ್ಮ ವಾಟ್ಸಾಪ್ ಗುಂಪಲ್ಲಿ ನನ್ನನ್ನೂ ಸೇರಿಸಿ ಐದೇ ಜನರ ಹತ್ರ ಇದೆ.”

“ಅದರ ಜೊತೆ ಕನ್ನಡಕ ಕೊಟ್ಟಿರಲಿಲ್ವೇನೋ?”

“ಕೊಟ್ಟಿದ್ರು. ಹಾಕ್ಕೊಂಡ್ರೆ ಹಳದಿ ಒಂದು ಕಾಣಲ್ಲ. ಆ ಬಣ್ಣ ತಡೆಯೋಕೇ ಮಾಡಿರೋ ಕನ್ನಡಕ ಅದು. ಎರಡು ತಿಂಗಳು ಗೋಡೆ ಮೇಲೆ ಬಿಟ್ಟು ನೋಡಿದೆ. ಬರೀ ಗೋಡೆ ಕಾಣ್ತು.”

“ಉಳಿದ ನಾಲ್ಕು ಜನ ಏನಂತಾರೆ?”

“ಅದ್ಭುತವಾಗಿದೆ ಅಂತಾರೆ.”

“ಅವರು ಕನ್ನಡಕ ತೆಗೆದು ನೋಡಿದ್ರಂತಾ?”

“ಕೇಳೋಕೆ ನಾಚಿಕೆ ಆಯ್ತು. ನಾನೂ ಅದ್ಭುತ ಅಂತಾನೇ ಬರೆದಿದ್ದೆ.”

“ಅದಕ್ಕೇ ನಿನ್ನೆ ಕನ್ನಡಕ ತೆಗೆದ್ಯಾ? ಹೇಗಿತ್ತಪ್ಪಾ ಆ ಹಳದಿ?”

“ಗೊತ್ತಾಗೋಷ್ಟರಲ್ಲಿ ಕಣ್ಣು ಕತ್ತಲಾಯ್ತು.”

ನರ್ಸ್ ಬಾಗಿಲು ತೆರೆದು ಕರೆದಳು. ಅಕ್ಕ ಅವನ ಮೊಣಕೈ ಹಿಡಿದು ಎಬ್ಬಿಸಿದಳು.

“ಈ ಕಣ್ಣು ಉಳಿಯುತ್ತಾ ಅಂತ ಮೊದಲು ಕೇಳೋಣ, ನಡಿ. ಮನೆಗೆ ಹೋದ ತಕ್ಷಣ ಆ ಲೇಸರ್ ನನ್ನ ಕೈಗೆ ಕೊಡು. ಇನ್ನೊಂದು ಕಣ್ಣಿದೆಯಲ್ಲ ಅಂತ ನೀನು ಲೆಕ್ಕ ಹಾಕ್ತಿರೋದು ನನಗೆ ಗೊತ್ತು.”

ಇಬ್ಬರೂ ಒಳಗೆ ಹೋದರು. ಬಾಗಿಲು ಮುಚ್ಚಿತು.