ಅದಾಲತ್ತಿಗೆ ದೊಡ್ಡಪ್ಪ ಬಂದಾರ

ಹಲೋ... ಹಲೋ, ಯಾರ್ರೀ ಮಾತಾಡೋದು? ಇದು ಸಂಡೂರಿನ ಲಾರಿ ಮಾಲಕರ ನಂಬರ್ ಅಲ್ಲೇನು? ಲಿಂಗರಾಜ್ ಅವರದು?

...

ಮಾರೆಪ್ಪಣ್ಣ, ನೀವಾ? ನಾನಣ್ಣ, ದುರ್ಗಾ. ಸ್ಫೂರ್ತಿ ಅವ್ವ. ಹಾಂ, ನಿಮ್ಮ ಸಾವ್ಕಾರ್ರ ಹೆಂಡ್ತಿ. ಇನ್ನೂ ಹೆಂಡ್ತೀನ ಅದೀನಿ, ಅದನ್ನ ಬಿಡಿಸ್ಕೊಳ್ಳಾಕಂತನ ಹೊಸಪೇಟಿ ಕೋರ್ಟಿನ ಮುಂದ ನಿಂತೀನಿ. ರೂಪಾಯಿ ಹಾಕೋ ಡಬ್ಬಿ ಫೋನಿಂದ ಮಾಡಾಕತ್ತೀನಿ. ಎಲ್ಲದಾರ ಅವ್ರು?

...

ಚಾ ಕುಡಿಯಾಕತ್ತಾರ? ಚಾ! ಇಲ್ಲಿ ಲೋಕ ಅದಾಲತ್‌ನಾಗ ನಮ್ಮ ಹೆಸ್ರು ಆಗಲೇ ಕೂಗ್ಯಾರ, ಅವ್ರು ಅಲ್ಲಿ ಚಾ ಕುಡ್ಕೊಂತ ನಿಂತಾರ. ಫೋನ್ ಕೊಡ್ರಿ ಅಣ್ಣ, ಜಲ್ದಿ ಕೊಡ್ರಿ. ನಿಮ್ಮ ಲಾರಿ ಗುಡ್ಡದ ಆ ಕಡಿಗೆ ಇಳದ್ರ ಲೈನ್ ಸಿಗಂಗಿಲ್ಲ, ನಂಗೊತ್ತೈತಿ.

...

ರೀ... ಹಲೋ, ರೀ, ನಾನು. ಇಡಬ್ಯಾಡ್ರಿ, ನಿಮ್ಮ ಕಾಲಿಗೆ ಬೀಳ್ತೀನಿ, ಇಡಬ್ಯಾಡ್ರಿ. ಇವತ್ತು ಬರ್ತೀನಂದಿದ್ರಿ ಅಲ್ವಾ? ವಕೀಲರ ಮುಂದ ಒಪ್ಕೊಂಡಿದ್ರಿ ಅಲ್ವಾ? ಜಗಳಾಡೋದು ಬಿಟ್ಟು ಇಬ್ರೂ ಒಪ್ಪಿ ದೂರ ಆಗೋದು, ಸ್ಫೂರ್ತಿ ನನ್ನ ಹತ್ರ ಇರೋದು ಅಂತ. ಮತ್ತ ಯಾಕ ಬರ್ಲಿಲ್ಲ?

...

ಯಾರ್ನ ಕಳ್ಸೀನಿ ಅಂದ್ರಿ? ನಿಮ್ಮ ಎರ್ರಿಯಪ್ಪ ದೊಡ್ಡಪ್ಪನ್ನ? ಹಾಂ, ಬಂದಾರ, ನೋಡಿದ್ನೆಲ್ಲ. ರುಮಾಲು ಸುತ್ಕೊಂಡು, ತಾಟಿನಾಗ ಎಲಿ ಅಡಿಕಿ ಇಟ್ಕೊಂಡು ಬಂದು, ಸಂಧಾನ ಮಾಡ್ಸೋರ ಪಕ್ಕದ ಕುರ್ಚಿ ಮ್ಯಾಲ ಕುಂತುಬಿಟ್ಟಾರ. ಎಬ್ಬಿಸೋದ್ರಾಗ ಜವಾನಗ ಸಾಕುಸಾಕಾತು. ನಮ್ಮೂರ ಕಟ್ಟಿ ಪಂಚಾಯ್ತಿ ಅಂತ ತಿಳ್ಕೊಂಡಾರ ಅವ್ರು. ಹಿರೇರು ಮಾತಾಡೋದು, ಗಂಡ ಹೆಂಡ್ತಿ ಹಿಂದ ಸುಮ್ನ ಕುಂದ್ರೋದು ಅಂತ. ಇಲ್ಲಿ ಹಂಗ ನಡಿಯಂಗಿಲ್ರಿ. ಒಪ್ಪಿಗಿ ಐತೇನು ಅಂತ ನಿಮ್ಮನ್ನ ಎದುರಿಗೆ ಕುಂದ್ರಿಸಿ ಕೇಳ್ತಾರ. ಸಹಿ ನೀವ ಹಾಕ್ಬೇಕು.

...

ಲಾರಿ ಸಾಲು ನಿಂತೈತಿ, ದಾರಿ ಇಲ್ಲ... ಆ ಸಾಲು ಯಾವತ್ತು ನಿಂತಿಲ್ಲ? ಯಾರದಾರ ಬೈಕ್ ಹತ್ತಿ ಸಂದ್ಯಾಗ ತೂರ್ಕೊಂಡು ಬರ್ರಿ. ಸಂಜಿತನ ಕಾಯ್ತಾರಂತ, ಕೈ ಮುಗ್ದು ಕೇಳೀನಿ. ಇವತ್ತು ತಪ್ಪಿದ್ರ ಕೇಸು ಮತ್ತ ಹಳೇ ಕೋರ್ಟಿಗೆ ಹೊಕ್ಕೈತಿ. ಮತ್ತ ವಾಯಿದಾ, ಮತ್ತ ವಾಯಿದಾ. ಅಷ್ಟ್ರಾಗ ನನ್ನ ಮಗಳಿಗೆ ನನ್ನ ಮುಖಾನ ಮರ್ತು ಹೊಕ್ಕೈತಿ. ಬಂಗಾರ ಬ್ಯಾಡಂದೆ. ಜೀವನಾಂಶ ಬ್ಯಾಡಂದೆ. ಹುಡುಗಿ ಒಬ್ಬಾಕಿನ್ನ ಕೊಡ್ರಿ, ಸಾಕು.

...

ದೊಡ್ಡಪ್ಪ? ಹಾಂ, ಹೇಳಿದ್ರು. ಸೊಸಿ ಗಂಡನ ಮನಿಗೆ ಬರ್ತಾಳ, ನಾನು ಮಾತು ಕೊಡ್ತೀನಿ ಅಂತ ಎದಿ ತಟ್ಕೊಂಡು ಹೇಳಿದ್ರು. ವಯಸ್ಸಾಗೈತಿ, ತಿಳೀಲಾರ್ದ ಹೇಳ್ಯಾರ ಅನ್ಕೊಂಡೆ...

...

ನೀವಾ? ನೀವ ಹೇಳಿ ಕಳ್ಸೀರಾ?

...

ಬೇಷ್. ಭಾಳ ಬೇಷಾತು. ಹಂಗಾರ ವಕೀಲರ ಮುಂದ ಹೂಂ ಅಂದಿದ್ದು ಸುಳ್ಳಾ? ಆ ಮನಿಗೆ ನಾನು ಹೆಂಗ ಬರ್ಲಿ? ಚೀನಾದವ್ರು ಈ ಗುಡ್ಡದ ಅದಿರು ಮಣ್ಣು ಕೊಳ್ಳಾಕ ಶುರು ಮಾಡಿದ ಮ್ಯಾಲ ಲಾರಿ ಬಂದ್ವು, ಕುಡ್ತ ಬಂತು, ನಿಮ್ಮ ಕೈ ಮ್ಯಾಲೆದ್ದಿದ್ದು ಇಳೀಲೇ ಇಲ್ಲ. ನನ್ನ ಎಡಗಿವಿ ಇನ್ನೂ ಕೇಳಂಗಿಲ್ಲ, ಈ ಫೋನ್ ಬಲಕ್ಕ ಹಿಡ್ಕೊಂಡೀನಿ, ಗೊತ್ತೈತೇನು? ಬರಂಗಿಲ್ಲ. ಸತ್ರೂ ಬರಂಗಿಲ್ಲ. ಒಳಗ ಹೋಗಿ ಹಂಗ ಹೇಳ್ತೀನಿ.

...

ಯಾರು ಕೆಮ್ಮಿದ್ದು? ರೀ, ಯಾರದು ಕೆಮ್ಮಿದ್ದು? ಸ್ಫೂರ್ತಿ ಅಲ್ವಾ ಅದು? ಆ ಧೂಳಾಗ ಆಕಿನ್ನ ಯಾಕ ಕರ್ಕೊಂಡು ಬಂದೀರಿ?

...

ರಾಯದುರ್ಗಕ್ಕಾ? ನಿಮ್ಮ ಅಕ್ಕನ ಮನಿಗೆ? ಈಗ? ಹೊಸಪೇಟಿಗೆ ದಾರಿ ಇಲ್ಲ, ರಾಯದುರ್ಗಕ್ಕ ದಾರಿ ಐತಾ? ಅದು ಆಂಧ್ರ ಅಲ್ಲೇನ್ರೀ, ಅಲ್ಲಿ ಯಾರ ಬಾಗ್ಲಾಗ ನಿಂತು ನನ್ನ ಮಗಳನ್ನ ಕೇಳ್ಲಿ? ಬ್ಯಾಡ್ರಿ... ಆಕಿ ಕೈಗೆ ಫೋನ್ ಕೊಡ್ರಿ, ಒಂದ ಮಾತು...

...

ಆತು ಆತು, ಕೊಡಬ್ಯಾಡ್ರಿ. ಸಿಟ್ಟಾಗಬ್ಯಾಡ್ರಿ. ಲಾರಿ ಚಾಲೂ ಮಾಡಬ್ಯಾಡ ಅಂತ ಮಾರೆಪ್ಪಣ್ಣಗ ಹೇಳ್ರಿ. ಇಲ್ಲಿ ಮತ್ತ ನಮ್ಮ ಹೆಸ್ರು ಕೂಗಾಕತ್ತಾರ... ಬಂದೆ ಸಾರ್, ಬಂದೆ!

...

ಹೂಂ.

...

ಆಕಿನ್ನ ರಾಯದುರ್ಗಕ್ಕ ಒಯ್ಯಬ್ಯಾಡ್ರಿ, ನಾನ ಮನಿಗೆ ಬರ್ತೀನಿ ಅಂದ್ನೆಲ್ಲ. ಕೇಸು ವಾಪಸ್ ತಗೀತೀನಿ ಅಂತ ಒಳಗ ಹೇಳ್ತೀನಿ. ಅದಕ್ಕ ನೀವು ಬರೋದು ಬ್ಯಾಡ, ನಂದೊಂದ ಸಹಿ ಸಾಕು. ದೊಡ್ಡಪ್ಪನ ಜೊತಿನ ಸಂಜಿ ಬಸ್ಸಿಗೆ ಸಂಡೂರಿಗೆ ಬರ್ತೀನಿ. ಹುಡುಗಿನ್ನ ಮನಿಗೆ ವಾಪಸ್ ಕರ್ಕೊಂಡು ಹೋಗ್ರಿ, ಬಿಸಿನೀರು ಕುಡ್ಸಿರಿ, ಎದಿ ಕಟ್ಟೇತಿ ಆಕಿಗೆ.

...

ರೀ, ಒಂದ ಮಾತು. ಹುಡುಗಿ ಮುಂದ ಹೊಡಿಬ್ಯಾಡ್ರಿ. ಅಷ್ಟ. ಮತ್ತೇನೂ ಕೇಳಂಗಿಲ್ಲ. ಹೂಂ ಅನ್ರಿ.

...

ಹಲೋ? ಲಾರಿ ಸಪ್ಪಳಕ್ಕ ಕೇಳ್ಲಿಲ್ಲ. ಹೂಂ ಅಂದ್ರೇನು? ರೀ... ಅಂದ್ರೋ ಇಲ್ಲೋ? ಹಲೋ... ಹಲೋ...